ಎಂಡೋಸ್ಕೋಪಿ ನಾರ್ಮಲ್, ಆದರೂ ನೀರು ಕೂಡ ಇಳಿಯುತ್ತಿಲ್ಲ. ಮುಂದೆ ಯಾವ ಪರೀಕ್ಷೆ?

ರಾತ್ರಿಪಾಳಿ ಕೇಳಿದ್ದು:

ನನಗೆ 42 ವರ್ಷ. ಒಂದು ವರ್ಷದ ಮೇಲಾಯಿತು, ನುಂಗಿದ್ದು ಎದೆಯ ನಡುವೆ ನಿಂತುಬಿಡುತ್ತದೆ. ಗಟ್ಟಿ ಪದಾರ್ಥ ಮಾತ್ರ ಅಂದುಕೊಳ್ಳಬೇಡಿ, ನೀರಿನದ್ದೂ ಅದೇ ಕಥೆ. ತಣ್ಣೀರಾದರೆ ಕಾಟ ಇನ್ನೂ ಜಾಸ್ತಿ. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಮೇಲಿಂದ ಮೇಲೆ ನೀರು ಕುಡಿದರೆ ಒಮ್ಮೆಲೇ ಇಳಿಯುತ್ತದೆ. ರಾತ್ರಿ ಮಲಗಿದರೆ ತಿಂದಿದ್ದು ಬಾಯಿಗೆ ವಾಪಸ್ ಬರುತ್ತದೆ. ವಿಚಿತ್ರ ಅಂದರೆ ಅದರಲ್ಲಿ ಹುಳಿ, ಕಹಿ ಏನೂ ಇಲ್ಲ. ತೂಕವೂ ಇಳಿದಿದೆ. ನೋಡಿದವರು "ಡಯಟ್ಟಾ?" ಅಂತ ಕೇಳುತ್ತಾರೆ.

ಮೊದಲು ಆಸಿಡಿಟಿ ಅಂದರು, ಮಾತ್ರೆ ಕೊಟ್ಟರು, ಆಮೇಲೆ ಅದನ್ನೇ ಡಬಲ್ ಮಾಡಿದರು. ಏನೂ ಪ್ರಯೋಜನವಾಗಲಿಲ್ಲ. ಎಂಡೋಸ್ಕೋಪಿ ಮಾಡಿದರು, ನಾರ್ಮಲ್. ಕೊನೆಗೆ "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂದರು. ಟೆನ್ಷನ್ ಇರುವುದು ನಿಜ. ಆದರೆ ಅದು ತಟ್ಟೆ ಮುಂದೆ ಕೂತಾಗ ಮಾತ್ರ!

ಕ್ಯಾಮೆರಾ ಹಾಕಿ ನೋಡಿದ ಮೇಲೂ ಕಾಣದ ಕಾಯಿಲೆ ಇರುತ್ತದಾ? ಮ್ಯಾನೋಮೆಟ್ರಿ ಅಂತ ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ ಇದೆ ಅಂತ ಯಾರೋ ಹೇಳಿದರು. ಅದು ತುಂಬಾ ನೋವಾ?

ಒತ್ತಡಮಾಪಕ ಉತ್ತರಿಸಿದ್ದು:

ನಾನು ಡಾಕ್ಟರ್ ಅಲ್ಲ ಸರ್, ಆ ಮ್ಯಾನೋಮೆಟ್ರಿ ಮಾಡುವ ಟೆಕ್ನಿಷಿಯನ್. ಟೆನ್ಷನ್ ಅನ್ನುವ ಪಟ್ಟ ಕಟ್ಟಿಸಿಕೊಂಡು ನಮ್ಮ ರೂಮಿಗೆ ಬರುವವರು ನೀವೊಬ್ಬರೇ ಅಲ್ಲ.

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಮಾಂಸಖಂಡದ ಕೊಳವೆ. ನುಂಗಿದಾಗ ಅದು ಮೇಲಿನಿಂದ ಕೆಳಕ್ಕೆ ಅಲೆಯಂತೆ ಹಿಂಡುತ್ತಾ ಬರುತ್ತದೆ. ಅದೇ ಹೊತ್ತಿಗೆ ಹೊಟ್ಟೆಯ ಬಾಯಲ್ಲಿರುವ ಬಿಗಿ ಉಂಗುರ ಸಡಿಲವಾಗಬೇಕು. ಎಂಡೋಸ್ಕೋಪಿ ತೋರಿಸುವುದು ಕೊಳವೆಯ ಒಳಗೋಡೆಯನ್ನು: ಹುಣ್ಣು, ಗಡ್ಡೆ, ಕಿರಿದಾದ ಜಾಗ. ಗೋಡೆ ನುಣುಪಾಗಿದ್ದು, ಅದನ್ನು ಆಡಿಸುವ ನರಗಳು ಕೆಟ್ಟಿದ್ದರೆ ಕ್ಯಾಮೆರಾ ಏನು ತೋರಿಸೀತು? ಹೀಗೆ ನರ ಕೆಟ್ಟು ಆ ಉಂಗುರ ಸಡಿಲವಾಗದ ಕಾಯಿಲೆಗೆ ಅಕಲೇಸಿಯಾ ಅನ್ನುತ್ತಾರೆ. ಅದರ ಶುರುವಿನಲ್ಲಿ ಎಂಡೋಸ್ಕೋಪಿ ನಾರ್ಮಲ್ ಅಂತ ಬರುವುದು ಸಾಮಾನ್ಯ. ಹಾಗಂತ ಅದು ದಂಡ ಅಲ್ಲ. ಹೊಟ್ಟೆಯ ಬಾಯಿಯ ಹತ್ತಿರ ಗಡ್ಡೆ ಬೆಳೆದರೂ ಥೇಟ್ ಇದೇ ಲಕ್ಷಣ ಬರಬಹುದು. ಅದಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಲೇಬೇಕು.

ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೀರಿನ ಮಾತು. ಮೊದಲು ಗಟ್ಟಿ ಪದಾರ್ಥ ಮಾತ್ರ ಸಿಕ್ಕಿಕೊಂಡು, ಬರಬರುತ್ತಾ ಮೆತ್ತಗಿನದ್ದು, ಆಮೇಲೆ ನೀರು ಅಂತಾದರೆ ದಾರಿ ಕಿರಿದಾಗುತ್ತಿದೆ ಅನ್ನುವ ಅನುಮಾನ ಬರುತ್ತದೆ. ಶುರುವಿನಿಂದಲೇ ಎರಡೂ ತಡೆದರೆ ಚಲನೆಯ ದೋಷದ ಕಡೆ ನೋಡುತ್ತಾರೆ. ನುಂಗುವ ಕ್ಷಣದಲ್ಲೇ ಕೆಮ್ಮು ಬಂದರೆ ಅಥವಾ ಮೂಗಿಗೆ ನೀರು ಏರಿದರೆ ತೊಂದರೆ ಗಂಟಲಲ್ಲಿ. ಅದರ ಪರೀಕ್ಷೆಗಳೇ ಬೇರೆ. ಇನ್ನೊಂದು ವಿಷಯ, "ಇಲ್ಲೇ ಸಿಕ್ಕಿಕೊಂಡಿದೆ" ಅಂತ ಕುತ್ತಿಗೆ ತೋರಿಸುವವರಿಗೂ ಅಡ್ಡಿ ಎಷ್ಟೋ ಸಲ ತೀರಾ ಕೆಳಗಿರುತ್ತದೆ. ಬೆರಳು ತೋರಿಸಿದ ಜಾಗವನ್ನು ನಾವು ಪೂರ್ತಿ ನಂಬುವುದಿಲ್ಲ.

ಹುಳಿ ಇಲ್ಲ ಅಂದಿರಲ್ಲ, ಅದನ್ನು ಡಾಕ್ಟರ್ ಹತ್ತಿರ ಒತ್ತಿ ಹೇಳಿ. ಊಟ ಹೊಟ್ಟೆಗೆ ಇಳಿಯದೆ ಮೇಲೆಯೇ ನಿಂತಿದ್ದರೆ ಆಸಿಡ್ ಸೇರುವುದು ಎಲ್ಲಿಂದ?

ಇನ್ನು ಪರೀಕ್ಷೆ. ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಮೂಗಿಗೆ ಮರಗಟ್ಟಿಸುವ ಜೆಲ್ ಹಾಕಿ ತೆಳ್ಳಗಿನ ಟ್ಯೂಬ್ ಇಳಿಸುತ್ತೇವೆ. ಸಾಮಾನ್ಯವಾಗಿ ಅದರಲ್ಲಿ 1 ಸೆಂ.ಮೀ.ಗೆ ಒಂದರಂತೆ 36 ಸೆನ್ಸರ್ ಇರುತ್ತವೆ. ಟ್ಯೂಬ್ ಗಂಟಲು ದಾಟುವಾಗ ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸುಳ್ಳು ಹೇಳುವುದಿಲ್ಲ, ಅಷ್ಟು ಹೊತ್ತು ಹಿಂಸೆಯೇ. ಆಮೇಲೆ ಮಲಗಿಸಿ 5 ಮಿ.ಲೀ. ನೀರನ್ನು 10 ಸಲ ನುಂಗಿಸುತ್ತೇವೆ, ಕೂರಿಸಿ ಇನ್ನೂ ಕೆಲವು ಸಲ. ಪ್ರಜ್ಞೆ ತಪ್ಪಿಸುವುದಿಲ್ಲ, ಯಾಕೆಂದರೆ ನುಂಗಬೇಕಾದವರು ನೀವೇ ಅಲ್ವಾ! ಒಂದು ನುಂಗಿಗೂ ಇನ್ನೊಂದಕ್ಕೂ ನಡುವೆ ಎಂಜಲು ನುಂಗಬೇಡಿ ಅಂತ ಹೇಳುತ್ತೇವೆ. ಹೆಚ್ಚಿನವರಿಗೆ ಟ್ಯೂಬಿಗಿಂತ ಅದೇ ಕಷ್ಟ.

ಸ್ಕ್ರೀನಿನಲ್ಲಿ ಒತ್ತಡ ಬಣ್ಣಗಳಾಗಿ ಕಾಣುತ್ತದೆ. ಮುಖ್ಯವಾಗಿ ನೋಡುವುದು ಎರಡು: ಕೆಳಗಿನ ಉಂಗುರ ಸಡಿಲವಾಯಿತಾ, ಅಲೆ ಸರಿಯಾಗಿ ಇಳಿಯಿತಾ. ಉಂಗುರ ಸಡಿಲವಾಗದೆ, ಅಲೆಯೂ ಸರಿಯಾಗಿ ಇಳಿಯದಿದ್ದರೆ ಅಕಲೇಸಿಯಾ. ಅದರಲ್ಲೂ 3 ಬಗೆ ಇದೆ. ಕೊಳವೆ ಸುಮ್ನೆ ಬಿದ್ದಿದ್ದರೆ ಟೈಪ್ 1, ಇಡೀ ಕೊಳವೆಯಲ್ಲಿ ಒಂದೇ ಸಲ ಒತ್ತಡ ಏರಿದರೆ ಟೈಪ್ 2, ಅಕಾಲದಲ್ಲಿ ಸೆಡೆತುಕೊಂಡರೆ ಟೈಪ್ 3. ಒಪಿಯಾಯ್ಡ್ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅವು ಥೇಟ್ ಇಂಥದ್ದೇ ಚಿತ್ರ ಮೂಡಿಸಬಲ್ಲವು.

ಬೇರಿಯಂಪ್ರಿಯ ಉತ್ತರಿಸಿದ್ದು:

ಅಣ್ಣ, ನಾನು ಇದೇ ರೋಗದವನು, ಟೈಪ್ 3. ಬೇರಿಯಂ ಸ್ವಾಲೋ ಕೂಡ ಕೇಳಿ, ಅದರಲ್ಲೂ ಟೈಮ್ ಇಟ್ಟು ಮಾಡುವುದನ್ನು. ಬಿಳಿ ದ್ರವ ಕುಡಿಸಿ ನಿಲ್ಲಿಸುತ್ತಾರೆ. 1ನೇ, 2ನೇ, 5ನೇ ನಿಮಿಷಕ್ಕೆ ಎಕ್ಸ್‌ರೇ ತೆಗೆದು ಎಷ್ಟು ಉಳಿದಿದೆ ಅಂತ ಅಳೆಯುತ್ತಾರೆ. ಅಕಲೇಸಿಯಾ ಇದ್ದರೆ ಕೊಳವೆಯ ಕೆಳತುದಿ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ಕಾಣಬಹುದು. ಬಾಯಿಗೆ ಸೀಮೆಸುಣ್ಣದ ರುಚಿ ಹತ್ತುತ್ತದೆ, ಬೇರೆ ತೊಂದರೆ ಇಲ್ಲ. ಚಿಕಿತ್ಸೆಯ ನಂತರ ಮತ್ತೆ ಮಾಡಿ ಹೋಲಿಸಿ ನೋಡಬಹುದು, ಹಾಗಾಗಿ ಮೊದಲ ರಿಪೋರ್ಟ್ ಜೋಪಾನ.

ನಮ್ಮ ಕಾಯಿಲೆ ಹೊಸದಲ್ಲ. 1674ರಲ್ಲೇ ಥಾಮಸ್ ವಿಲ್ಲಿಸ್ ಎಂಬ ವೈದ್ಯ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಊಟವನ್ನು ಕೆಳಕ್ಕೆ ತಳ್ಳಿಸುತ್ತಿದ್ದರಂತೆ. ಅದನ್ನು ಓದಿದ ಮೇಲೆ ಮೂಗಿನ ಟ್ಯೂಬಿನ ಬಗ್ಗೆ ನನ್ನ ದೂರು ನಿಂತಿತು.

ಸಣ್ಣಮಾತು ಉತ್ತರಿಸಿದ್ದು:

ಎಂಡೋಸ್ಕೋಪಿಯಲ್ಲಿ ಬಯಾಪ್ಸಿ ತೆಗೆದಿದ್ದರಾ? ಅದನ್ನು ಯಾರೂ ಕೇಳಲಿಲ್ಲ. ನನ್ನದು ಇಯೊಸಿನೊಫಿಲಿಕ್ ಈಸೊಫಜೈಟಿಸ್, ಅಲರ್ಜಿ ಜಾತಿಯ ಉರಿಯೂತ. ಕಣ್ಣಿಗೆ ಗೋಡೆ ಚೆನ್ನಾಗಿಯೇ ಕಂಡಿತ್ತು. ಬೇರೆ ಬೇರೆ ಎತ್ತರದಿಂದ ಕನಿಷ್ಠ 6 ಚೂರು ತೆಗೆಯಬೇಕು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಂಡರೆ ಆ ಕಾಯಿಲೆಯ ಕಡೆ ಬೆರಳು ತೋರಿಸುತ್ತಾರೆ. ನಿಮಗೆ ನೀರೂ ನಿಲ್ಲುತ್ತದೆ ಅಂದಿದ್ದಕ್ಕೆ ಇದು ಇರಲಿಕ್ಕಿಲ್ಲ ಅನಿಸುತ್ತದೆ, ಆದರೂ ಕೇಳಿ.

ರಾತ್ರಿಪಾಳಿ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಬಯಾಪ್ಸಿ ತೆಗೆದಿದ್ದರು, ಸರಿ ಇದೆ. ಬೇರೆ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಹೋದೆ. ನೀರಿನ ಮಾತು ಎತ್ತಿದ ಕೂಡಲೇ ಅವರು ಪೆನ್ನು ಕೈಗೆತ್ತಿಕೊಂಡರು. ಬೇರಿಯಂ, ಮ್ಯಾನೋಮೆಟ್ರಿ ಎರಡೂ ಆದವು. ಟೈಪ್ 2. ಎಂಜಲಿನ ವಿಷಯ ನೂರಕ್ಕೆ ನೂರು ನಿಜ, ಬೇಡ ಅಂದಾಗಲೇ ಬಾಯಿ ತುಂಬುತ್ತದೆ. ಈಗ ಬಲೂನಾ, ಆಪರೇಷನ್ನಾ, ಪೋಯಮ್ಮಾ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಒಳಗಿನಿಂದಲೇ ಮಾಂಸಖಂಡ ಸೀಳುವುದು) ಅಂತ ಯೋಚಿಸಿ ಬನ್ನಿ ಅಂದಿದ್ದಾರೆ.

ಒತ್ತಡಮಾಪಕ ಉತ್ತರಿಸಿದ್ದು:

ಮೂರರಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಟೈಪ್ 2. ಮೂರೂ ದಾರಿ ಮಾಡುವುದು ಒಂದೇ ಕೆಲಸ, ಉಂಗುರದ ಬಿಗಿ ಬಿಡಿಸುವುದು. ಸತ್ತ ನರ ವಾಪಸ್ ಬರುವುದಿಲ್ಲ. ಉಂಗುರದೊಳಗೆ ಉಬ್ಬಿಸುವ ಬಲೂನನ್ನು ಸಾಮಾನ್ಯವಾಗಿ 30 ಮಿ.ಮೀ.ನಿಂದ ಶುರುಮಾಡಿ, ಬೇಕಾದರೆ 35, 40ಕ್ಕೆ ಏರಿಸುತ್ತಾರೆ. ಕೊಳವೆ ಹರಿಯುವ ಸಣ್ಣ ಅಪಾಯ ಇದೆ, ಮುಂದೆ ಮತ್ತೆ ಮಾಡಿಸಬೇಕಾಗಬಹುದು. ಆಪರೇಷನ್ ಅಂದರೆ 1913ರಲ್ಲಿ ಹೆಲ್ಲರ್ ಎಂಬ ಸರ್ಜನ್ ಶುರುಮಾಡಿದ, ಉಂಗುರದ ಮಾಂಸಖಂಡ ಸೀಳುವ ವಿಧಾನ, ಈಗ ಲ್ಯಾಪ್ರೊಸ್ಕೋಪಿಯಲ್ಲಿ ಮಾಡುತ್ತಾರೆ. ಆಸಿಡ್ ಮೇಲೆ ಬರದ ಹಾಗೆ ಜೊತೆಗೆ ಹೊಟ್ಟೆಯ ಮೇಲ್ಭಾಗದ ಒಂದು ಮಡಿಕೆಯನ್ನೂ ಹೊಲಿಯುತ್ತಾರೆ. ಪೋಯಮ್ ಅನ್ನು ಜಪಾನಿನ ವೈದ್ಯ ಇನೊಯೆ 2008ರಲ್ಲಿ ಮೊದಲು ಮಾಡಿದರು. ಹೊರಗೆ ಕತ್ತರಿಸುವುದಿಲ್ಲ, ಆದರೆ ಆ ಮಡಿಕೆಯೂ ಇರುವುದಿಲ್ಲ. ಹಾಗಾಗಿ ಆಮೇಲೆ ಆಸಿಡ್ ಕಾಟ ಜಾಸ್ತಿ. ಟೈಪ್ 3ಕ್ಕೆ ಉದ್ದಕ್ಕೆ ಸೀಳಬೇಕಾದ್ದರಿಂದ ಅಲ್ಲಿ ಪೋಯಮ್ ಮೇಲು ಅನ್ನುತ್ತಾರೆ. ನಿಮಗೆ ಮೂರೂ ಬಾಗಿಲು ತೆರೆದಿವೆ. ಯಾವುದನ್ನು ಜಾಸ್ತಿ ಮಾಡಿ ಕೈ ಪಳಗಿದೆ ಅಂತ ನಿಮ್ಮ ಡಾಕ್ಟರನ್ನೇ ನೇರವಾಗಿ ಕೇಳಿ.

ಅಲ್ಲಿಯವರೆಗೆ ತಲೆ ಕಡೆ ಎತ್ತರ ಮಾಡಿ ಮಲಗಿ, ಮಲಗುವ ಮೂರು ಗಂಟೆ ಮೊದಲೇ ಊಟ ಮುಗಿಸಿ. ಎಂಜಲು ಕೂಡ ಇಳಿಯದ ಹಾಗೆ ಏನಾದರೂ ಸಿಕ್ಕಿಕೊಂಡರೆ ಕಾಯಬೇಡಿ, ಆವತ್ತೇ ಎಮರ್ಜೆನ್ಸಿಗೆ ಹೋಗಿ. ಅರಿವಳಿಕೆ ಕೊಡುವವರಿಗೆ "ನನ್ನ ಅನ್ನನಾಳ ಖಾಲಿ ಇರುವುದಿಲ್ಲ" ಅಂತ ನೀವೇ ಬಾಯಿಬಿಟ್ಟು ಹೇಳಿ. ಮಾಮೂಲಿ ಉಪವಾಸ ನಿಮಗೆ ಸಾಲದು.