ಗೇನ್, ನಾರ್ಮಲೈಸ್, ಕಂಪ್ರೆಸರ್: ಕನ್ನಡ ಓದನ್ನು ಎಡಿಟ್ ಮಾಡುವಾಗ ಯಾವುದು ಯಾವಾಗ?

ಪ್ರಶ್ನೆ: ಕನ್ನಡ ಕಥೆಗಳನ್ನು ಓದಿ ರೆಕಾರ್ಡ್ ಮಾಡಿ, ಅಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಿನಲ್ಲಿ ಎಡಿಟ್ ಮಾಡ್ತಾ ಇದ್ದೇನೆ. ಗೇನ್, ಆಂಪ್ಲಿಫೈ, ನಾರ್ಮಲೈಸ್, ಕಂಪ್ರೆಸರ್ ಎಲ್ಲವೂ ದನಿ ಜೋರು ಮಾಡೋ ಹಾಗೇ ಕಾಣುತ್ತವೆ. ವ್ಯತ್ಯಾಸ ಏನು? ಹಿನ್ನೆಲೆ ಸದ್ದು ತೆಗೆಯೋ ನಾಯ್ಸ್ ರಿಡಕ್ಷನ್ ಹಾಕಿದರೆ ದನಿ ನೀರೊಳಗಿಂದ ಬಂದ ಹಾಗೆ ಯಾಕಾಗುತ್ತೆ? ಬಲ್ಲವರು ತಿಳಿಸಿ.

ಉತ್ತರ 1
ಗೇನ್ ರೆಕಾರ್ಡಿಂಗಿಗೆ ಮುಂಚಿನ ಮಾತು. ಮೈಕ್‌ನಿಂದ ಬರುವ ಸಣ್ಣ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಿ ಒಳಗೆ ತಗೋಬೇಕು ಅನ್ನೋದನ್ನು ಅದು ತೀರ್ಮಾನಿಸುತ್ತೆ. ಕಥೆಯಲ್ಲಿ ಪಾತ್ರ ಕೂಗಾಡುವ ಸಾಲನ್ನೇ ಮೊದಲು ಓದಿ, ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ (ದನಿಯ ಮಟ್ಟದ ಅಳತೆ) ಒಳಗೆ ನಿಲ್ಲುವಂತೆ ಗುಂಡಿ ತಿರುಗಿಸಿ. ಡಿಜಿಟಲ್‌ನಲ್ಲಿ 0 ಅಂದರೆ ಸೂರು. ರೆಕಾರ್ಡ್ ಆಗುವಾಗ ಅದಕ್ಕೆ ತಲೆ ತಾಗಿದ್ದೆಲ್ಲ ಚಪ್ಪಟೆ. ಪರದೆಯಲ್ಲಿ ದನಿಯ ಅಲೆ ತೋರಿಸುವ ವೇವ್‌ಫಾರ್ಮನ್ನು ಜೂಮ್ ಮಾಡಿದರೆ ಗುಡ್ಡದ ನೆತ್ತಿ ಕೊಯ್ದಂತೆ ಕಾಣುತ್ತೆ, ಅದೇ ಕ್ಲಿಪಿಂಗ್. ಆಮೇಲೆ ವಾಲ್ಯೂಮ್ ಇಳಿಸಿದರೂ ಕೊಯ್ದ ನೆತ್ತಿ ಮರಳೋದಿಲ್ಲ, ಆ ಸಾಲನ್ನು ಮತ್ತೆ ಓದೋದೇ ದಾರಿ.

ಆಂಪ್ಲಿಫೈ ಆಯ್ದ ಭಾಗವನ್ನೆಲ್ಲ ಒಂದೇ ಅಳತೆಯಲ್ಲಿ ಏರಿಸುತ್ತೆ. ನಾರ್ಮಲೈಸ್ ಅತಿ ಎತ್ತರದ ತುದಿಯನ್ನು ನೀವು ಹೇಳಿದ ಮಟ್ಟಕ್ಕೆ, ಸಾಮಾನ್ಯವಾಗಿ ಮೈನಸ್ 1ಕ್ಕೆ, ತರುತ್ತೆ. ನಡುವೆ ಒಂದು ಕೆಮ್ಮು ಆಗಲೇ ಮೈನಸ್ 1 ಮುಟ್ಟಿದ್ದರೆ ಉಳಿದ ಓದು ಒಂದಿಷ್ಟೂ ಏರೋದಿಲ್ಲ. ಬಹಳ ಜನ ಎಡವೋದು ಇಲ್ಲೇ. ಮೊದಲು ಕೆಮ್ಮು ಕತ್ತರಿಸಿ.

ಕಂಪ್ರೆಸರ್‌ನ ಕೆಲಸ ಬೇರೆ. ಅದು ಪಿಸುಮಾತಿಗೂ ಕೂಗಿಗೂ ಇರುವ ಅಂತರ ಕಡಿಮೆ ಮಾಡುತ್ತೆ. ಥ್ರೆಶೋಲ್ಡ್ (ಯಾವ ಗೆರೆ ದಾಟಿದರೆ ಇಳಿಸಬೇಕು ಅನ್ನೋದು) ಮೈನಸ್ 18, ರೇಶಿಯೋ (ಎಷ್ಟು ಪಾಲು ಇಳಿಸಬೇಕು ಅನ್ನೋದು) 3:1 ಇಟ್ಟಿದ್ದೀರಿ ಅನ್ನಿ. ಮೈನಸ್ 6ಕ್ಕೆ ಬಂದ ಕೂಗು ಗೆರೆಗಿಂತ 12 ಡೆಸಿಬೆಲ್ ಮೇಲಿದೆ, ಅದರ ಮೂರನೇ ಒಂದು ಭಾಗ 4 ಮಾತ್ರ ಉಳಿದು ಮೈನಸ್ 14ಕ್ಕೆ ಇಳಿಯುತ್ತೆ. ಹೀಗೆ ಜಾಗ ಸಿಕ್ಕಮೇಲೆ, ಇಳಿದಷ್ಟನ್ನು ತುಂಬಿಕೊಡುವ ಮೇಕಪ್ ಗೇನ್‌ನಿಂದ ಇಡೀ ಓದನ್ನು ಏರಿಸಬಹುದು. ಆಗ ಫ್ಯಾನಿನ ಸದ್ದೂ ಜೊತೆಗೇ ಏರುತ್ತೆ, ಆದ್ದರಿಂದ ನಾಯ್ಸ್ ರಿಡಕ್ಷನ್ ಮೊದಲು, ಕಂಪ್ರೆಸರ್ ಆಮೇಲೆ.

ಉತ್ತರ 2
ನೀರೊಳಗಿನ ದನಿ ಬಗ್ಗೆ. ಫ್ಯಾನ್ ಸದ್ದು ಮಾತ್ರ ಇರುವ ಒಂದೆರಡು ಸೆಕೆಂಡ್ ಆಯ್ದು ನಾಯ್ಸ್ ಪ್ರೊಫೈಲ್ (ಯಾವ ಸದ್ದು ತೆಗೆಯಬೇಕು ಅನ್ನೋ ಮಾದರಿ) ತಗೊಳ್ಳಿ. ಅದರಲ್ಲಿ ಉಸಿರು ಸೇರಿದ್ದರೆ ಕೆಲಸ ಕೆಟ್ಟಿತು. ಆಮೇಲೆ ಪೂರ್ತಿ ಓದನ್ನು ಆಯ್ದು 6ರಿಂದ 9 ಡೆಸಿಬೆಲ್ ಅಷ್ಟೇ ಇಳಿಸಿ. 20 ದಾಟಿಸಿದರೆ ಅಲ್ಲಲ್ಲಿ ಉಳಿದ ಸದ್ದಿನ ಚೂರುಗಳು ಗುಳುಗುಳು ಅನ್ನುತ್ತವೆ.

ಇನ್ನೊಂದು ಕಾರಣವೂ ಇದೆ: ಸ, ಶ, ಷ, ಹ ಇವೆಲ್ಲ ಗಾಳಿಯ ಸದ್ದು, ಸಾಫ್ಟ್‌ವೇರ್ ಕಣ್ಣಿಗೆ ನಾಯ್ಸ್ ಥರವೇ ಕಾಣುತ್ತವೆ. ‘ಹಸು’ ಅಂದದ್ದು ‘ಅಸು’ ಆಗಿಬಿಡಬಹುದು! ಪರೀಕ್ಷಿಸೋಕೆ ಅದೇ ಕಿಟಕಿಯಲ್ಲಿ ರೆಸಿಡ್ಯೂ ಆಯ್ದು ಪ್ರಿವ್ಯೂ ಕೇಳಿ. ಅದು ತೆಗೆದುಹಾಕುತ್ತಿರುವ ಸದ್ದನ್ನೇ ಕೇಳಿಸುತ್ತೆ. ಅಲ್ಲಿ ಸಕಾರ ಕೇಳಿದರೆ ಅತಿಯಾಯ್ತು, ಇಳಿಸಿ. ರೆಸಿಡ್ಯೂ ಗುರುತನ್ನು ಬದಲಿಸಿಯೇ ಓಕೆ ಒತ್ತಿ, ಇಲ್ಲದಿದ್ದರೆ ಕಸವೇ ಉಳಿಯುತ್ತೆ.

ಉತ್ತರ 3
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಉದ್ದದ ಮೌನಗಳನ್ನು ತಾನೇ ಮೊಟಕು ಮಾಡುವ ಟ್ರಂಕೇಟ್ ಸೈಲೆನ್ಸ್ ಬಳಸುವಾಗ ಹುಷಾರು. ‘ಅಕ್ಕ’, ‘ಹತ್ತು’ ಅನ್ನುವಾಗ ಒತ್ತಕ್ಷರದಲ್ಲಿ ನಾಲಿಗೆ ಗಾಳಿಯ ದಾರಿ ಮುಚ್ಚಿ ಕ್ಷಣಕಾಲ ಮೌನ ಇರುತ್ತೆ. ಎಷ್ಟು ಉದ್ದದ ಮೌನವನ್ನು ಮೊಟಕು ಮಾಡಬೇಕು ಅನ್ನೋ ಅವಧಿಯನ್ನು 0.1 ಸೆಕೆಂಡಿಗೆ ಇಳಿಸಿದರೆ ಆ ಮೌನವೂ ಹೋಗಿ ‘ಹತ್ತು’ ‘ಹತು’ ಆಗುವ ಅಪಾಯ ಇದೆ. 0.5ಕ್ಕಿಂತ ಕೆಳಗೆ ಹೋಗಬೇಡಿ.

ಕತ್ತರಿಸಿದ ಕಡೆ ‘ಟಕ್’ ಅಂದರೆ ಅಲೆ ನಡುಗೆರೆ ದಾಟುವ ಜಾಗದಲ್ಲಿ ಕತ್ತರಿ ಬಿದ್ದಿಲ್ಲ ಅಂತ ಅರ್ಥ. ಅದೇ ಝೀರೋ ಕ್ರಾಸಿಂಗ್. ಆಯ್ದಮೇಲೆ ಝಡ್ ಕೀ ಒತ್ತಿದರೆ ಅಂಚು ತಾನೇ ಅಲ್ಲಿಗೆ ಸರಿಯುತ್ತೆ.

ಉತ್ತರ 4
ಸೇವ್ ಬೇರೆ, ಎಕ್ಸ್‌ಪೋರ್ಟ್ ಬೇರೆ. ಸೇವ್ ಮಾಡಿದರೆ ಸಿಗುವ ಎಯುಪಿ3 ಫೈಲ್ ಅಡಾಸಿಟಿಯ ಕೆಲಸದ ಕಡತ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಯಾರಿಗೂ ಕೇಳಿಸೋದಿಲ್ಲ. ಮೂಲವನ್ನು ಏನನ್ನೂ ಕೈಬಿಡದ ವೇವ್ ಫೈಲ್ ಆಗಿ ಇಟ್ಟುಕೊಂಡು, ದನಿಯ ಕೆಲವು ವಿವರ ಬಿಟ್ಟು ಫೈಲ್ ಚಿಕ್ಕದು ಮಾಡುವ ಎಂಪಿ3ಯನ್ನು ಕೊನೆಯಲ್ಲಿ ಒಂದೇ ಸಲ ಮಾಡಿ. ಎಂಪಿ3 ತೆರೆದು ತಿದ್ದಿ ಮತ್ತೆ ಎಂಪಿ3 ಮಾಡಿದಷ್ಟೂ ದನಿ ಸವೆಯುತ್ತೆ, ಮೊದಲು ಹಾಳಾಗೋದು ಮತ್ತದೇ ಸಕಾರ.