ಹಸಿರುಮನೆ ಟೊಮೆಟೊಗೆ ಬಿಳಿನೊಣ: ಎಲೆಯ ಅಡಿ ನೋಡಿದಿರಾ?

ಕೇಳಿದ್ದು: ಹಸಿರುಮನೆಯಲ್ಲಿ ಟೊಮೆಟೊ ನೆಟ್ಟು ಎರಡು ತಿಂಗಳಾಯಿತು. ಗಿಡ ಮುಟ್ಟಿದರೆ ಸಾಕು, ಬಿಳಿನೊಣ ಗುಂಪಾಗಿ ಏಳುತ್ತವೆ. ಮೂರು ಸಲ ಔಷಧಿ ಹೊಡೆದೆ. ಎರಡು ದಿನ ಕಡಿಮೆ, ವಾರದೊಳಗೆ ಮತ್ತೆ ಅಷ್ಟೇ. ಹತೋಟಿಗೆ ತಂದವರು ಇದ್ದರೆ ದಯವಿಟ್ಟು ಹೇಳಿ.

ಒಬ್ಬರ ಅನುಭವ: ನನ್ನ ಮೊದಲ ಬೆಳೆಯಲ್ಲೂ ಹೀಗೇ ಆಗಿತ್ತು. ಹಾರುವ ನೊಣ ಸಾಯುತ್ತದೆ, ಆದರೆ ಮೊಟ್ಟೆಗೂ ಕೋಶಕ್ಕೂ (ಮರಿ ನೊಣವಾಗುವ ಮುಂಚಿನ ಹಂತ) ಹೆಚ್ಚಿನ ಔಷಧಿಗಳು ತಾಗುವುದಿಲ್ಲ. ಬೆಚ್ಚಗಿದ್ದರೆ ಮೊಟ್ಟೆ ನೊಣವಾಗಲು ಮೂರ್ನಾಲ್ಕು ವಾರ ಬೇಕು. ಅಷ್ಟು ದಿನವೂ ಹೊಸ ನೊಣ ಹೊರಗೆ ಬರುತ್ತಲೇ ಇರುತ್ತವೆ.

ಒಂದು ಭೂತಗನ್ನಡಿ ಹಿಡಿದು ಎಲೆ ಮಗುಚಿ ನೋಡಿ. ಕುಡಿಯ ಎಳೆ ಎಲೆಯಲ್ಲಿ ನೊಣ ಮತ್ತು ಮೊಟ್ಟೆ, ನಡುವಿನ ಎಲೆಗಳಲ್ಲಿ ಅಂಟಿಕೊಂಡ ಮರಿ, ಕೆಳಗೆ ಕೋಶ. ನಾನು ವಾರಕ್ಕೊಮ್ಮೆ ಗುರುತು ಮಾಡಿದ ಅವೇ ಗಿಡಗಳನ್ನು ನೋಡಿ ಬರೆದಿಡುತ್ತೇನೆ. ಹಳದಿ ಅಂಟು ಬಲೆಗಳನ್ನು ಕುಡಿಯ ಎತ್ತರಕ್ಕೆ ಕಟ್ಟಿ, ಗಿಡ ಬೆಳೆದಂತೆ ಮೇಲಕ್ಕೆ ಏರಿಸಿ. ಬಾಗಿಲು, ಗಾಳಿಕಿಂಡಿಗಳ ಹತ್ತಿರ ತಪ್ಪದೆ ಇರಲಿ. ಒಂದು ದಿನದ ಲೆಕ್ಕದಿಂದ ಏನೂ ತಿಳಿಯದು. ಕಳೆದ ವಾರಕ್ಕಿಂತ ಏರಿದೆಯಾ ಇಳಿದಿದೆಯಾ, ಅದನ್ನು ನೋಡಬೇಕು.

ಯಾವ ಜಾತಿ ಅಂತಲೂ ತಿಳಿದುಕೊಳ್ಳಿ. ಹಸಿರುಮನೆ ಬಿಳಿನೊಣ, ಅಂದರೆ ಟ್ರಯಲ್ಯೂರೋಡಿಸ್, ಕೂತಾಗ ರೆಕ್ಕೆ ಚಪ್ಪಟೆಯಾಗಿ ಮೈ ಮುಚ್ಚುತ್ತದೆ. ಇನ್ನೊಂದು ಜಾತಿಯ ಬಿಳಿನೊಣ ಬೆಮಿಸಿಯಾ, ಅದು ಸಣ್ಣದು. ರೆಕ್ಕೆ ಮನೆಯ ಮಾಡಿನ ಹಾಗೆ ಇಳಿಜಾರು, ನಡುವೆ ಹಳದಿ ಮೈ ಕಾಣುತ್ತದೆ. ಬೆಮಿಸಿಯಾ ಆದರೆ ಎಲೆ ಮುದುಡುವ ವೈರಸ್ಸಿನ ಭಯ ಇದೆ, ಕೆಲವೇ ನೊಣಗಳಿಂದಲೂ ಹರಡುತ್ತದೆ. ರೋಗ ಬಂದ ಗಿಡವನ್ನು ಅಲ್ಲೇ ಚೀಲದಲ್ಲಿ ಮುಚ್ಚಿ, ಆಮೇಲೆ ಕಿತ್ತು ಹೊರಗೆ ಒಯ್ಯಿರಿ.

ನನಗೆ ಫಲ ಕೊಟ್ಟಿದ್ದು ಸೋಪು ದ್ರಾವಣ ಮತ್ತು ಬೇವಿನ ಎಣ್ಣೆ. ಸಂಜೆ ಹೊತ್ತು, ಎಲೆಯ ಅಡಿ ಪೂರ್ತಿ ನೆನೆಯುವಂತೆ ಹೊಡೆದು, ಐದಾರು ದಿನಕ್ಕೊಮ್ಮೆ ನಾಲ್ಕು ಸಲ ಮಾಡಿದೆ. ಒಂದು ಸಲ ಹೊಡೆದು ಸುಮ್ನೆ ಬಿಟ್ಟರೆ ಪ್ರಯೋಜನ ಇಲ್ಲ. ಮೊದಲು ಎರಡು ಗಿಡಕ್ಕೆ ಹಾಕಿ ನೋಡಿ, ಬಿಸಿಲಿಗೆ ಎಲೆ ಸುಡಬಹುದು. ರಾಸಾಯನಿಕ ಹೊಡೆಯಲೇಬೇಕಾದರೆ ಬ್ರ್ಯಾಂಡ್ ಬದಲಾಯಿಸಿದರೆ ಸಾಲದು, ಬೇರೆ ಗುಂಪಿನ, ಅಂದರೆ ಕೀಟವನ್ನು ಬೇರೆ ರೀತಿಯಲ್ಲಿ ಕೊಲ್ಲುವ ಔಷಧಿಯೇ ಬೇಕು. ಒಂದೇ ಗುಂಪಿನದನ್ನು ಮತ್ತೆ ಮತ್ತೆ ಹೊಡೆದರೆ ನೊಣ ಅದಕ್ಕೆ ಬಗ್ಗುವುದಿಲ್ಲ.

ಇನ್ನೊಬ್ಬರು: ಇವರು ಹೇಳಿದ್ದು ಸರಿ. ನಾನು ಎರಡು ಮಾತು ಸೇರಿಸುತ್ತೇನೆ. ಒಳಗೂ ಹೊರಗೂ ಕಳೆ ಬೆಳೆಯಲು ಬಿಡಬೇಡಿ. ಎರಡು ಬೆಳೆಗಳ ನಡುವೆ ಹಸಿರು ಒಂದೆಲೆಯೂ ಇಲ್ಲದಂತೆ ಖಾಲಿ ಬಿಡಿ. ಹಳದಿ ಬಟ್ಟೆ ಹಾಕಿಕೊಂಡು ಒಳಗೆ ಹೋಗಬೇಡಿ, ನೊಣ ಮೈಮೇಲೆ ಕೂತು ಜೊತೆಗೇ ಬರುತ್ತವೆ.

ಕೇಳಿದವರು: ಇವತ್ತು ನೋಡಿದೆ. ಕೆಳಗಿನ ಎಲೆಗಳ ಅಡಿ ಕೋಶಗಳೇ ಕೋಶಗಳು! ನಾನು ಅಲ್ಲಿಗೆ ಔಷಧಿ ಮುಟ್ಟಿಸಿಯೇ ಇರಲಿಲ್ಲ. ಆ ಎಲೆಗಳನ್ನು ಕಿತ್ತು ಹಾಕಲಾ? ಕೆಲವು ಕೋಶ ಪೂರ್ತಿ ಕಪ್ಪಗಿವೆ, ಅದು ಯಾಕೆ?

ಮೊದಲನೆಯವರು: ಕಪ್ಪಗಿರುವುದನ್ನು ಕೀಳಬೇಡಿ! ಅದು ಎನ್ಕಾರ್ಸಿಯಾ ಎಂಬ ಪುಟ್ಟ ಕಣಜದ ಕೆಲಸ ಇರಬೇಕು. ಅದು ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ. ಹಸಿರುಮನೆಗಳಲ್ಲಿ ಬೇಕೆಂದೇ ತಂದು ಬಿಡುವ ಕಣಜ ಇದು. ಆ ಎಲೆಗಳನ್ನು ಗಿಡದಲ್ಲೇ ಬಿಡಿ. ಬಿಳಿ ಕೋಶ ಮಾತ್ರ ಇರುವ ಹಳೆಯ ಎಲೆಗಳನ್ನು ಚೀಲಕ್ಕೆ ಹಾಕಿ ಹೊರಗೆ ಸಾಗಿಸಿ. ಒಂದೆರಡು ವಾರ ಬಿಟ್ಟು ಖಾಲಿ ಕೋಶ ನೋಡಿ. ಗುಂಡಗಿನ ತೂತು ಇದ್ದರೆ ಕಣಜ ಹೊರಬಂದಿದೆ. ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸೀಳಿದ್ದರೆ ಬಿಳಿನೊಣ. ಗುಂಡು ತೂತು ಜಾಸ್ತಿ ಇದ್ದರೆ ಔಷಧಿಯ ಡಬ್ಬಿ ಮುಟ್ಟಬೇಡಿ, ಎಣಿಕೆ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ.