ಸಹಾಯ ಬೇಕು: ಬಟ್ಟೆ ಒಣಗಿಸುವ ಡ್ರೈಯರ್‌ಗೆ ಎಷ್ಟು ದಪ್ಪದ ವೈರ್ ಎಳೆಸಲಿ?

ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿಯ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ಕೂಸಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಮನೆ ತುಂಬಾ ಹಸಿ ವಾಸನೆ. ಅದಕ್ಕೇ ಡ್ರೈಯರ್ ತಂದೆವು. (ಅವ್ವ ಮಾತ್ರ ಇನ್ನೂ ಒಲೆ ಮೇಲೆ ಹಗ್ಗ ಕಟ್ಟಿದ್ದಾಳೆ.)

ಡ್ರೈಯರ್ 2800 ವ್ಯಾಟ್. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು 12 ಆಂಪಿಯರ್. ಅದನ್ನು ಇಡುವ ಜಾಗ ಡಿಬಿಯಿಂದ (ಮನೆಯ ಎಲ್ಲಾ ಲೈನ್ ಹೊರಡುವ ಸ್ವಿಚ್ ಪೆಟ್ಟಿಗೆ) 22 ಮೀಟರ್ ದೂರ, ಹಿತ್ತಲ ಕಡೆ. ಅಲ್ಲಿರುವುದು 6 ಆಂಪಿಯರ್ ಪ್ಲಗ್, ಒಳಗೆ 1 ಚದರ ಮಿ.ಮೀ. ವೈರ್. ಅದು ಆಗುವುದಿಲ್ಲ ಅಂತ ನನಗೂ ಗೊತ್ತು.

ನಮ್ಮ ವೈರ್‌ಮನ್ ಗೀಸರ್ ಲೈನಿಗೇ ಜೋಡಿಸೋಣ ಅಂತಾರೆ. ಅದು 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್). ಆದರೆ ಗೀಸರ್ 2000 ವ್ಯಾಟ್. ಎರಡೂ ಒಟ್ಟಿಗೆ ನಡೆದರೆ 21 ಆಂಪಿಯರ್ ಆಗುತ್ತದೆ, ಅಲ್ವಾ? ಎಂಸಿಬಿ ಬಿದ್ದರೆ 32 ಆಂಪಿಯರ್‌ನದು ಹಾಕಿದರಾಯಿತು ಅಂದರು ವೈರ್‌ಮನ್. ಇದು ನನಗೆ ಒಪ್ಪಿಗೆಯಾಗಲಿಲ್ಲ. ವೈರ್ ಅದೇ ಇಟ್ಟು ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ, ಅದು ಬೀಳುವ ಮೊದಲೇ ಗೋಡೆಯೊಳಗೆ ವೈರ್ ವಿಪರೀತ ಬಿಸಿಯಾಗುತ್ತದೆ.

ಹಾಗಾಗಿ ಬೇರೆ ಲೈನೇ ಎಳೆಸುತ್ತೇನೆ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿದು ಶಾಕ್‌ನಿಂದ ಕಾಪಾಡುವ ಸ್ವಿಚ್), ಇಷ್ಟು ಖಚಿತ. ವೈರ್ 2.5 ಸಾಕೋ, 4 ಹಾಕಿಸಲೋ? 2.5ಕ್ಕೆ ಸುಮಾರು 5 ವೋಲ್ಟ್ ಇಳಿಯುತ್ತದೆ, 4ಕ್ಕೆ 3. ಇಷ್ಟಕ್ಕೆ ಜಾಸ್ತಿ ದುಡ್ಡು ಸುಮ್ನೆ ದಂಡವೇ?

ಇನ್ನೊಂದು, ನಮ್ಮ ಮೀಟರ್ 3 ಕಿಲೋವ್ಯಾಟ್‌ಗೆ ಮಂಜೂರಾದದ್ದು, ಡ್ರೈಯರ್ ಮತ್ತು ಗೀಸರ್ ಸೇರಿದರೆ ಅದು ಮೀರುತ್ತದೆ. ಹೆಸ್ಕಾಂನಲ್ಲಿ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೋಡ್ ಹೆಚ್ಚಿಸಿಕೊಂಡವರು ಯಾವ ಕಾಗದ ಕೊಟ್ಟಿರಿ, ಹೇಳ್ರೀ. ಶನಿವಾರ ಗೋಡೆ ಒಡೆಯಲು ಬರುತ್ತಾರೆ.